ಅಪ್ಪ ಪೆದ್ದನಾದರೆ ಕೆಲಸ ಯಾರ ತಲೆಗೆ?

ಪ್ರಶ್ನೆ: ಮಗುವಿಗೆ ಡೈಪರ್ ಹಾಕಲು ಬಾರದೆ ಪರದಾಡುವ ಅಪ್ಪ, ನಗುತ್ತ ಬಂದು ಸರಿಮಾಡುವ ಅಮ್ಮ. ಟಿವಿಯಲ್ಲಿ ಇಂಥ ಜಾಹೀರಾತು ಬಂದರೆ ಮನೆಮಂದಿಯೆಲ್ಲ ನಗುತ್ತೇವೆ. ಗೇಲಿಗೊಳಗಾಗುವುದು ಗಂಡಸು ತಾನೇ, ಹೆಂಗಸರಿಗೇನು ತೊಂದರೆ?
– ಓದುಗರು, ಹಾಸನ

ಉತ್ತರ: ಗೇಲಿ ಗಂಡಸಿಗೆ, ಕೆಲಸ ಹೆಂಗಸಿಗೆ. ‘ಅವರಿಗೆ ಬರೋದಿಲ್ಲ ಬಿಡಿ’ ಎಂದು ನಕ್ಕಮೇಲೆ ನಾಳೆಯೂ ಡೈಪರ್ ಬದಲಿಸುವವರು ಯಾರೆಂದು ತೀರ್ಮಾನವಾದಂತೆಯೇ.

ಬ್ರಿಟನ್ನಿನ ಪ್ರಕರಣವೊಂದನ್ನು ನೋಡಿ. ಗಂಡಸೆಂದರೆ ಹೀಗೆ, ಹೆಂಗಸೆಂದರೆ ಹೀಗೆ ಎಂಬ ಹಾನಿಕರ ಚಿತ್ರಣ ಜಾಹೀರಾತಿನಲ್ಲಿ ಇರಬಾರದೆಂಬ ನಿಯಮ ಅಲ್ಲಿ 2019ರ ಜೂನ್ 14ರಂದು ಜಾರಿಗೆ ಬಂತು. ಆಗಸ್ಟ್‌ನಲ್ಲಿ ಜಾಹೀರಾತು ನಿಯಂತ್ರಣ ಸಂಸ್ಥೆ ಎಎಸ್‌ಎ, ಫಿಲಡೆಲ್ಫಿಯಾ ಚೀಸ್‌ನ ಜಾಹೀರಾತನ್ನು ನಿಷೇಧಿಸಿತು. ತಿನಿಸು ಕನ್ವೇಯರ್ ಬೆಲ್ಟ್ ಮೇಲೆ ಸಾಗಿಬರುವ ಹೋಟೆಲಿನಲ್ಲಿ ಇಬ್ಬರು ಅಪ್ಪಂದಿರು ಚೀಸ್ ರುಚಿಗೆ ಮೈಮರೆಯುತ್ತಾರೆ. ಕೂಸುಗಳು ಬೆಲ್ಟ್ ಮೇಲೆ ಸಾಗಿಹೋಗುತ್ತವೆ. ‘ಅಮ್ಮನಿಗೆ ಹೇಳೋದು ಬೇಡ’ ಎಂಬುದು ಕೊನೆಯ ನಗೆಮಾತು. 128 ದೂರು ಬಂದವು. ಮಕ್ಕಳ ಪಾಲನೆ ತಾಯಿಯದೇ ಎಂದು ತೋರಬಾರದೆಂದೇ ಅಪ್ಪಂದಿರನ್ನು ಆರಿಸಿದ್ದಾಗಿ ಕಂಪನಿ ಸಮಜಾಯಿಷಿ ಕೊಟ್ಟಿತು. ಉದ್ದೇಶ ಒಳ್ಳೆಯದೇ, ಎಡವಿದ್ದು ಚಿತ್ರಕಥೆ. ಗಂಡಸರಾದ್ದರಿಂದಲೇ ಹೀಗಾಯಿತು ಎಂಬ ಅರ್ಥ ಹೊಮ್ಮಿತು, ಆ ಕೊನೆಯ ಮಾತು ಅದನ್ನು ಇನ್ನಷ್ಟು ಗಟ್ಟಿಮಾಡಿತು.

ನಮ್ಮಲ್ಲಿ ಜಾಹೀರಾತು ಉದ್ಯಮದ ಸ್ವನಿಯಂತ್ರಣ ಸಂಸ್ಥೆ ಎಎಸ್‌ಸಿಐ 2022ರ ಜೂನ್‌ನಲ್ಲಿ ಮಾರ್ಗಸೂಚಿ ಹೊರಡಿಸಿದೆ. ಹೆಂಗಸು ಮನೆ ಗುಡಿಸುವುದನ್ನು ತೋರಿಸಬಹುದು. ಅದು ಹೆಂಗಸರದೇ ಕೆಲಸ ಎಂದು ಸೂಚಿಸುವಂತಿಲ್ಲ. ರೂಢಿಗೆ ಹೊಂದದವರನ್ನು ತಮಾಷೆಗೂ ಹಂಗಿಸುವಂತಿಲ್ಲ.

ಪ್ರಶ್ನೆ: ಹೈಸ್ಕೂಲು ಮಕ್ಕಳಿಂದ ಇಂಥ ಜಾಹೀರಾತುಗಳ ಸಮೀಕ್ಷೆ ಮಾಡಿಸುವುದು ಹೇಗೆ?
– ಶಿಕ್ಷಕಿ, ಶಿರಸಿ

ಉತ್ತರ: ಒಂದೊಂದು ಜಾಹೀರಾತನ್ನೂ ಮೂರು ಸಲ ಹಾಕಿ. ಮೊದಲು ಸದ್ದಿಲ್ಲದೆ: ಕೆಲಸ ಮಾಡುವವರು ಯಾರು, ಕೂತವರು ಯಾರು, ಎಷ್ಟೆಷ್ಟು ಸೆಕೆಂಡು ಎಂದು ಬರೆದುಕೊಳ್ಳಲಿ. ಆಮೇಲೆ ಕಣ್ಣು ಮುಚ್ಚಿ ಕೇಳಲಿ: ಹಿನ್ನೆಲೆ ದನಿ ಯಾರದು? ಪಾತ್ರೆ ತೊಳೆಯುವವಳು ಅವಳು, ಸೋಪಿನ ಗುಣ ವಿವರಿಸುವವನು ಅವನು ಎಂಬುದು ಆಗ ತಟ್ಟನೆ ತಿಳಿಯುತ್ತದೆ. ಮೂರನೆಯ ಸಲ ನಗು ಬರುವ ಜಾಗದಲ್ಲೇ ನಿಲ್ಲಿಸಿ, ಅಪ್ಪ–ಅಮ್ಮನನ್ನು ಅದಲುಬದಲು ಮಾಡಿ ಹೇಳಿಸಿ. ಆಗಲೂ ನಗು ಬಂದರೆ ಹಾಸ್ಯ ಸನ್ನಿವೇಶದ್ದು. ಬರದಿದ್ದರೆ ಅದಕ್ಕೆ ಆಧಾರ ಗಂಡು–ಹೆಣ್ಣೆಂಬ ಭೇದವೇ ಇರಬಹುದು. ಆ ಬಗ್ಗೆ ಮಕ್ಕಳು ಚರ್ಚಿಸಲಿ.

ಲೆಕ್ಕ ತಪ್ಪುವುದು ಮಾದರಿಯ ಆಯ್ಕೆಯಲ್ಲಿ. ಸಂಜೆಯ ಧಾರಾವಾಹಿಗಳ ನಡುವೆ ಬರುವುದನ್ನಷ್ಟೇ ಎಣಿಸಿದರೆ ಅಡುಗೆಮನೆಯ ಸರಕೇ ತುಂಬಿಕೊಳ್ಳುತ್ತದೆ. ಕ್ರಿಕೆಟ್, ವಾರ್ತೆ, ಕಾರ್ಟೂನ್ ನಡುವಿನವೂ ಇರಲಿ. ಮತ್ತೆ ಮತ್ತೆ ಬರುವ ಜಾಹೀರಾತನ್ನು ಒಂದೇ ಎಂದು ಎಣಿಸಿ, ಎಷ್ಟು ಸಲ ಬಂತೆಂಬುದಕ್ಕೆ ಬೇರೆ ಕಾಲಂ ಹಾಕಿಸಿ.