ನಾಯಿ ನಮ್ಮ ಮಾತ್ರೆ ನುಂಗಿದಾಗ

ಪ್ರಶ್ನೆ: ನಮ್ಮದು 12 ಕಿಲೋ ತೂಕದ ನಾಟಿ ನಾಯಿ. ಅತ್ತೆಯವರು ಮಂಡಿನೋವಿಗೆಂದು ದಿಂಬಿನ ಪಕ್ಕ ಇಟ್ಟುಕೊಂಡಿದ್ದ ಮಾತ್ರೆಗಳಲ್ಲಿ ಎರಡನ್ನು ಹೋದ ತಿಂಗಳು ನುಂಗಿಬಿಟ್ಟಿತು. ಒಂದೊಂದರಲ್ಲೂ ಐಬುಪ್ರೊಫೆನ್ 400, ಪ್ಯಾರಸಿಟಮಾಲ್ 325 ಮಿಲಿಗ್ರಾಂ ಇತ್ತು. ಹಾಲು ಕುಡಿಸಿದೆವು, ಆ ದಿನವೆಲ್ಲ ಆಡಿಕೊಂಡೇ ಇತ್ತು. ಮೂರನೆಯ ದಿನ ವಾಂತಿಯಲ್ಲಿ ರಕ್ತ ಕಂಡು ವೈದ್ಯರಲ್ಲಿಗೆ ಓಡಿ, ಡ್ರಿಪ್ ಹಾಕಿಸಿ ಉಳಿಸಿಕೊಂಡೆವು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಕಿತ್ತು ಎಂದು ನೆರೆಯವರು ಹೇಳುತ್ತಾರೆ. ಮತ್ತೆ ಹೀಗಾದರೆ ಏನು ಮಾಡಬೇಕು?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನಿಮ್ಮ ನಾಯಿ ಉಳಿದದ್ದು ಸಂತೋಷ. ಉಪ್ಪುನೀರು ಕುಡಿಸದೇ ಇದ್ದದ್ದೂ ಒಳ್ಳೆಯದೇ ಆಯಿತು. ವಾಂತಿಯಾಗದೆ ಆ ಉಪ್ಪು ಮೈಗೆ ಹತ್ತಿದರೆ ರಕ್ತದಲ್ಲಿ ಸೋಡಿಯಂ ಏರಿ ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯವಾಗಬಹುದು. ಹಾಲಿಗೆ ಈ ಮಾತ್ರೆಗಳ ವಿಷವನ್ನು ಮುರಿಯುವ ಶಕ್ತಿಯಿಲ್ಲ.

ಎರಡು ಮಾತ್ರೆಯಲ್ಲಿ 800 ಮಿಲಿಗ್ರಾಂ ಐಬುಪ್ರೊಫೆನ್ ಎಂದರೆ ನಿಮ್ಮ ನಾಯಿಗೆ ಕಿಲೋಗೆ ಸುಮಾರು 67 ಮಿಲಿಗ್ರಾಂ ಬಿದ್ದಂತಾಯಿತು. ನಾಯಿಯ ಜಠರದಲ್ಲಿ ಹುಣ್ಣಾಗಲು ಇಷ್ಟು ಸಾಕು. ಇನ್ನೂ ಹೆಚ್ಚಾದರೆ ಮೂತ್ರಪಿಂಡಕ್ಕೆ ಪೆಟ್ಟು. ಹುಣ್ಣು ಒಳಗೊಳಗೇ ಬೆಳೆಯುವುದರಿಂದ ಮೊದಲ ದಿನ ನಾಯಿ ಚೆನ್ನಾಗಿಯೇ ಇರುವಂತೆ ಕಾಣುತ್ತದೆ, ಮನೆಯವರು ಮೋಸಹೋಗುವುದು ಅಲ್ಲೇ. ಆಮೇಲೆ ರಕ್ತವಾಂತಿ, ಡಾಂಬರಿನಂತೆ ಕಪ್ಪಗೆ ಅಂಟಂಟಾದ ಮಲ ಕಾಣಿಸಿಕೊಳ್ಳುತ್ತದೆ.

ಆದ್ದರಿಂದ ಲಕ್ಷಣಕ್ಕಾಗಿ ಕಾಯದೆ, ನುಂಗಿದ್ದು ಗೊತ್ತಾದ ಕೂಡಲೇ ಪಶುವೈದ್ಯರಿಗೆ ಫೋನು ಮಾಡಿ ಹೊರಡಿ. ಮಾತ್ರೆಯನ್ನು ಹೊರತೆಗೆಯಲು ಹೆಚ್ಚೆಂದರೆ ಒಂದೆರಡು ಗಂಟೆ ಸಮಯವಿರುತ್ತದೆ; ಅಷ್ಟರೊಳಗೆ ಹೋದರೆ ಅವರು ಇಂಜೆಕ್ಷನ್ ಕೊಟ್ಟು ವಾಂತಿ ಮಾಡಿಸಿ, ಉಳಿದ ವಿಷವನ್ನು ಹೀರುವ ಇದ್ದಿಲಿನ ಪುಡಿ ಕೊಡಬಲ್ಲರು. ತಡವಾಗಿದ್ದರೂ ಹೋಗಲೇಬೇಕು, ಜಠರವನ್ನು ಕಾಯುವ ಔಷಧ ಮತ್ತು ಡ್ರಿಪ್ಪಿಗೆ ಆಗಲೂ ಬೆಲೆಯಿದೆ. ಮಂಪರಿನಲ್ಲಿರುವ ಅಥವಾ ಫಿಟ್ಸ್ ಬಂದ ನಾಯಿಗೆ ನೀವಾಗಿ ವಾಂತಿ ಮಾಡಿಸಿದರೆ ಅದು ಶ್ವಾಸಕೋಶಕ್ಕೆ ಇಳಿಯಬಹುದು. ಹರಿದ ಸ್ಟ್ರಿಪ್ಪನ್ನು ಎಸೆಯಬೇಡಿ. ಮಂಚದ ಕೆಳಗೂ ನೋಡಿ, ಸಿಕ್ಕ ಚೂರುಗಳನ್ನೆಲ್ಲ ಜೋಡಿಸಿ ಎಷ್ಟು ಕುಳಿ ಖಾಲಿಯಾಗಿವೆ ಎಂದು ಎಣಿಸಿಕೊಂಡು, ನುಂಗಿದ ಹೊತ್ತು ಮತ್ತು ನಾಯಿಯ ತೂಕವನ್ನೂ ವೈದ್ಯರಿಗೆ ತಿಳಿಸಿ.

ಪ್ಯಾರಸಿಟಮಾಲ್ ಹೆಚ್ಚಾದಾಗ ಯಕೃತ್ತು ಕೆಡುತ್ತದೆ, ವಸಡು ಕಂದುಬಣ್ಣಕ್ಕೆ ತಿರುಗುತ್ತದೆ. ಇದಕ್ಕೆ ಮನುಷ್ಯರಿಗೂ ಕೊಡುವ ಅಸಿಟೈಲ್‌ಸಿಸ್ಟೀನ್ ಎಂಬ ಪ್ರತ್ಯೌಷಧವಿದೆ. ಮನೆಯಲ್ಲಿ ಬೆಕ್ಕೂ ಇದ್ದರೆ ಇನ್ನೂ ಎಚ್ಚರ ಬೇಕು, ಅದರ ಪ್ರಾಣ ಹೋಗಲು ಒಂದೇ ಮಾತ್ರೆ ಸಾಕು.

ನಿಮ್ಮ ನಾಯಿ ಈಗ ಚುರುಕಾಗಿದ್ದರೂ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ, ಮೂತ್ರಪಿಂಡ ಮತ್ತು ಯಕೃತ್ತು ಸರಿಯಾಗಿವೆಯೇ ಎಂದು ವೈದ್ಯರಿಂದ ತಿಳಿದುಕೊಳ್ಳಿ.