ಮೊದಲು ದಾಸವಾಳ ಸೀಳಿ ನೋಡಿ

ಪ್ರಿಯರೆ,

ನೀವು ಕಳಿಸಿದ ‘ಹೂವಿನ ಅಂಗರಚನೆ’ ಲೇಖನ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಹಾಗಂತ ಬದಿಗಿಡಲೂ ಮನಸ್ಸು ಬರಲಿಲ್ಲ. ಅದಕ್ಕೆ ಕಾರಣ ಕೊನೆಯ ಪುಟದಲ್ಲಿರುವ ನಿಮ್ಮ ಅಜ್ಜಿ ಮತ್ತು ಕುಂಬಳದ ಹೂವು.

ಮೊದಲು ತಕರಾರು. ನೀವು ‘ಎಸಳು’ ಎಂದು ಶುರುಮಾಡಿ, ಮುಂದೆ ‘ದಳ’, ‘ಪಕಳೆ’ ಎನ್ನುತ್ತಾ ಕೊನೆಗೆ ‘ಪುಷ್ಪಪತ್ರ’ಕ್ಕೆ ಬಂದಿದ್ದೀರಿ. ಒಂದೇ ಪದ ಮತ್ತೆ ಮತ್ತೆ ಬರಬಾರದು ಅಂತ ಯಾರೋ ಹೇಳಿಕೊಟ್ಟಿರಬೇಕು. ಕಥೆಯಲ್ಲಿ ನಡೆದೀತು, ಇಲ್ಲಿ ಎಡವಟ್ಟಾಗುತ್ತದೆ. ಮೊದಲ ಮೂರೂ ಒಂದೇ. ಪುಷ್ಪಪತ್ರ ಬೇರೆ: ಮೊಗ್ಗನ್ನು ಹೊರಗಿನಿಂದ ಮುಚ್ಚಿರುವ ಹಸಿರು ಭಾಗ. ಬದನೆಕಾಯಿಯ ತಲೆ ಮೇಲೆ ಟೋಪಿಯ ಹಾಗೆ ಕೂತಿರುತ್ತದಲ್ಲ, ಹೂವು ಉದುರಿದ ಮೇಲೂ ಉಳಿದುಕೊಂಡದ್ದು, ಅದೇ. ಅಡುಗೆಮನೆಯಲ್ಲಿ ದಿನಾ ಕೈಗೆ ಸಿಗುವುದನ್ನು ಬಿಟ್ಟು ನಿಘಂಟಿಗೆ ಹೋಗಿದ್ದೀರಿ.

‘ದಾಸವಾಳದ ಶಲಾಕೆಗೆ ಪರಾಗಕೋಶಗಳು ಅಂಟಿಕೊಂಡಿರುತ್ತವೆ’ ಅಂತ ಬರೆದಿದ್ದೀರಿ. ಶಲಾಕೆ ಹೂವಿನ ಹೆಣ್ಣು ಭಾಗ; ಪರಾಗದ ಪುಡಿ ತುಂಬಿದ ಪರಾಗಕೋಶ ಗಂಡು ಭಾಗವಾದ ಕೇಸರದ್ದು. ನೀವು ಹೂವನ್ನು ಬಿಡಿಸಿ ನೋಡಿಲ್ಲ ಅಂತ ನನಗೆ ಗೊತ್ತಾದದ್ದು ಇಲ್ಲೇ. ಎಸಳು ಕಿತ್ತು, ನಡುವಿನ ಕೊಳವೆಯನ್ನು ಉಗುರಿನಿಂದ ಉದ್ದಕ್ಕೆ ಸೀಳಿ. ಒಳಗೊಂದು ಬಿಳಿ ದಾರದಂಥದ್ದು ಸಿಗುತ್ತದೆ. ಅದು ಶಲಾಕನಳಿಕೆ, ಬುಡದ ಅಂಡಾಶಯದಿಂದ, ಅಂದರೆ ಮುಂದೆ ಕಾಯಾಗುವ ಭಾಗದಿಂದ, ಹೊರಟದ್ದು. ಸುತ್ತಲಿನ ಕೊಳವೆಯೋ, ಕೇಸರದಂಡಗಳೇ, ಅಂದರೆ ಕೇಸರಗಳ ಕಡ್ಡಿಗಳೇ, ಒಂದಕ್ಕೊಂದು ಬೆಸೆದು ಆದದ್ದು. ಪರಾಗಕೋಶಗಳು ಇರುವುದು ಅದರ ಮೇಲೆ. ದಾರ ಕೊಳವೆಯೊಳಗೇ ಸಾಗಿ ಮೇಲೆ ಹೊರಬಂದು ಐದಾಗಿ ಕವಲೊಡೆಯುತ್ತದೆ. ಒಂದೊಂದು ಕವಲಿನ ತುದಿಯಲ್ಲೂ ಮಖಮಲ್ಲಿನಂಥ ಪುಟ್ಟ ಗುಂಡು. ಅವು ಶಲಾಕಾಗ್ರಗಳು, ಪರಾಗ ಬಂದು ಕೂರುವ ಜಾಗ.

ಅಡುಗೆಗೆ ಬಳಸುವ ಕೇಸರಿಯನ್ನು ‘ಹೂವಿನ ಕೇಸರ’ ಎಂದಿರುವುದೂ ತಪ್ಪು. ಇದರಲ್ಲಿ ನಿಮ್ಮನ್ನು ಬೈಯಲಾರೆ, ಹೆಸರೇ ಹಾದಿ ತಪ್ಪಿಸುತ್ತದೆ. ಕಾಶ್ಮೀರದ ಪಾಂಪೋರಿನಲ್ಲಿ ಬಿಡಿಸುವ ಆ ನೇರಳೆ ಹೂವಿನಲ್ಲಿ ಕೇಸರಗಳೂ ಮೂರಿವೆ, ಹಳದಿ ಬಣ್ಣದವು. ನಾವು ಹಾಲಿಗೆ ಹಾಕುವುದು ಕೆಂಪಗಿನ ಮೂರು ಎಳೆಗಳನ್ನು, ಅಂದರೆ ಶಲಾಕಾಗ್ರವನ್ನು. ಗಂಡು ಭಾಗದ ಹೆಸರು ಹೆಣ್ಣು ಭಾಗಕ್ಕೆ ಅಂಟಿಕೊಂಡಿದೆ. ಇಷ್ಟು ಸ್ವಾರಸ್ಯ ಇರುವ ಜಾಗವನ್ನು ನೀವು ಅರ್ಧ ಸಾಲಿನಲ್ಲಿ ದಾಟಿದ್ದೀರಿ! ಒಂದು ಪ್ಯಾರಾ ಕೊಡಿ.

ಇನ್ನು ಅಜ್ಜಿ. ಪಲ್ಯಕ್ಕೆ ಕುಂಬಳದ ಗಂಡು ಹೂಗಳನ್ನಷ್ಟೇ ಕಿತ್ತು, ಬುಡದಲ್ಲಿ ಹೀಚು ಇರುವವನ್ನು ಬಳ್ಳಿಯಲ್ಲೇ ಬಿಟ್ಟು ಬರುತ್ತಿದ್ದರು ಅಂತ ಬರೆದಿದ್ದೀರಿ. ಆ ಹೀಚೇ ಅಂಡಾಶಯ ಅನ್ನುವ ಒಂದು ಮಾತನ್ನು ಮಾತ್ರ ಬರೆದಿಲ್ಲ. ಲೇಖನ ಇಲ್ಲಿಂದಲೇ ಶುರುವಾಗಲಿ. ‘ಪ್ರಕೃತಿಮಾತೆಯ ಮಡಿಲಲ್ಲಿ’ ಎಂಬ ಮೊದಲ ಪ್ಯಾರಾ ಪೂರ್ತಿ ಹೋಗಲಿ.

ಚಿತ್ರವನ್ನೂ ಬದಲಿಸಿ. ನೀವು ಕಳಿಸಿರುವುದು ಎಸಳು ಒತ್ತೊತ್ತಾಗಿ ತುಂಬಿದ ದಾಸವಾಳ. ಅದರಲ್ಲಿ ಬಹುಪಾಲು ಕೇಸರಗಳೇ ಎಸಳಾಗಿಬಿಟ್ಟಿವೆ, ಬಾಣದ ಗುರುತು ಹಾಕಿ ತೋರಿಸೋಣವೆಂದರೆ ಏನೂ ಸಿಗುವುದಿಲ್ಲ. ಐದೆಸಳಿನ ಸಾದಾ ಕೆಂಪು ದಾಸವಾಳ ಸಾಕು.

ಇಂತಿ,
ಸಂಪಾದಕ