ಸಂಪಾದಕರ ಉತ್ತರ: ಜೈಲಿನೊಳಗಿನ ದೂರಿಗೆ ದಾರಿ ಯಾವುದು?

ಶಿವಮೊಗ್ಗದ ನಿವೃತ್ತ ಅಧ್ಯಾಪಕರೊಬ್ಬರು ನಮ್ಮ ಕಳೆದ ಸಂಚಿಕೆಯ ಮುಖಪುಟ ಲೇಖನವನ್ನು ಓದಿ ಮೂರು ಪುಟಗಳ ಪತ್ರ ಬರೆದಿದ್ದಾರೆ. ರಾಜ್ಯದ ಜೈಲೊಂದರಲ್ಲಿ ವಿಚಾರಣಾಧೀನ ಕೈದಿಯೊಬ್ಬನನ್ನು ಸಿಬ್ಬಂದಿ ಹೊಡೆದರೆಂಬ ಆರೋಪದ ಕುರಿತ ಲೇಖನ ಅದು. ಪತ್ರದ ಮುಖ್ಯ ಭಾಗ ಹೀಗಿದೆ:

“ಮಾನ್ಯರೇ, ಕೈದಿಯ ಮಾತನ್ನೇ ವೇದವಾಕ್ಯವೆಂದು ನಂಬಿ ಜೈಲಿನ ಸಿಬ್ಬಂದಿಯ ಮೇಲೆ ಗೂಬೆ ಕೂರಿಸಿದ್ದೀರಿ. ತಪ್ಪು ಮಾಡಿದವರು ತಾನೇ ಜೈಲಿಗೆ ಹೋಗುವುದು? ಪರಪ್ಪನ ಅಗ್ರಹಾರದಲ್ಲಿ ಹಣವಂತರಿಗೆ ನಡೆಯುವ ರಾಜಾತಿಥ್ಯವನ್ನು ಟಿ.ವಿ.ಯಲ್ಲಿ ನೋಡಿದ ನಮಗೆ ಕೈದಿಗಳ ಹಕ್ಕು ಎಂಬ ಮಾತು ಕೇಳಿದರೆ ಮೈಯುರಿಯುತ್ತದೆ. ನನ್ನ ತಂಗಿಯ ಮಗನ ಕೊಲೆಯಾಗಿ ನಾಲ್ಕು ವರ್ಷವಾಯಿತು. ಆರೋಪಿ ಜೈಲಿನಲ್ಲಿ ಹೊತ್ತು ಹೊತ್ತಿಗೆ ಉಣ್ಣುತ್ತಿದ್ದಾನೆ, ನನ್ನ ತಂಗಿಗೆ ತುತ್ತು ಗಂಟಲಲ್ಲಿ ಇಳಿಯುವುದಿಲ್ಲ. ಅವಳ ಹಕ್ಕಿನ ಬಗ್ಗೆ ತಾವು ಎಂದಾದರೂ ಬರೆದಿದ್ದೀರಾ?”

ಹಿರಿಯರಾದ ತಮಗೆ ನಮಸ್ಕಾರಗಳು.

ತಮ್ಮ ತಂಗಿಯವರ ವಿಷಯವನ್ನು ಈ ಉತ್ತರದ ಕೊನೆಯಲ್ಲಿ ಪ್ರತ್ಯೇಕವಾಗಿ ಬರೆಯುತ್ತೇನೆ. ಅವರಿಗೆ ಈಗ ಬೇಕಾಗಿರುವುದು ವಾದವಲ್ಲ, ಉಪಯೋಗಕ್ಕೆ ಬರುವ ಮಾತು. ಅದಕ್ಕೂ ಮೊದಲು ನಮ್ಮ ಕಡೆಯ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಲೇಖನದ ಒಳಗೆ ಎಲ್ಲ ಕಡೆಯೂ ‘ಆರೋಪ’ ಎಂಬ ಪದವನ್ನು ಎಚ್ಚರದಿಂದ ಬಳಸಿದ್ದ ನಾವು ಶೀರ್ಷಿಕೆಯಲ್ಲಿ ಮಾತ್ರ ‘ಕೈದಿಯನ್ನು ಥಳಿಸಿದ ಸಿಬ್ಬಂದಿ’ ಎಂದು, ತೀರ್ಪು ಬಂದೇಬಿಟ್ಟಿತೆಂಬಂತೆ, ಅಚ್ಚು ಹಾಕಿದೆವು. ವಿಚಾರಣೆ ಮುಗಿಯುವವರೆಗೆ ಕೈದಿಯನ್ನು ಅಪರಾಧಿ ಎನ್ನಬಾರದೆಂದು ಹೇಳುವ ಪತ್ರಿಕೆ ಅದೇ ನ್ಯಾಯವನ್ನು ಆ ವಾರ್ಡರ್‌ಗಳಿಗೂ ಸಲ್ಲಿಸಬೇಕಾಗಿತ್ತು. ಇದೇ ಸಂಚಿಕೆಯ ಎರಡನೇ ಪುಟದಲ್ಲಿ ತಿದ್ದುಪಡಿಯನ್ನು ಪ್ರಕಟಿಸಿದ್ದೇವೆ.

ಆದರೆ ಕೈದಿಯ ಮಾತಿಗೆ ಕಿವಿಗೊಟ್ಟದ್ದೇ ತಪ್ಪು ಎಂಬ ತಮ್ಮ ಮಾತನ್ನು ಒಪ್ಪಲಾರೆ. ನಂಬುವುದು ಬೇರೆ, ಕೇಳಿಸಿಕೊಳ್ಳುವುದು ಬೇರೆ. 1979ರಲ್ಲಿ ದೆಹಲಿಯ ತಿಹಾರ್ ಜೈಲಿನಿಂದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯೊಬ್ಬರಿಗೆ ಒಂದು ಪತ್ರ ಬಂದಿತು. ಬರೆದವನು ಸುನಿಲ್ ಬಾತ್ರಾ, ಮರಣದಂಡನೆಗೆ ಗುರಿಯಾಗಿದ್ದ ಕೈದಿ. ಆತ ತನಗಾಗಿ ಏನನ್ನೂ ಕೇಳಿರಲಿಲ್ಲ. ಇನ್ನೊಬ್ಬ ಕೈದಿಯ ಮನೆಯವರಿಂದ ಹಣ ಕೀಳುವ ಸಲುವಾಗಿ ಮುಖ್ಯ ವಾರ್ಡರ್ ಅವನಿಗೆ ಚಿತ್ರಹಿಂಸೆ ಕೊಟ್ಟಿದ್ದಾನೆ, ಅವನ ದೇಹದೊಳಕ್ಕೆ ಕೋಲು ತುರುಕಿ ಗಾಯಗೊಳಿಸಿದ್ದಾನೆ ಎಂಬುದು ದೂರಿನ ಸಾರ. ಜೈಲಿನ ಕಡೆಯಿಂದ ಬಂದ ವಿವರಣೆಗಳು ಒಂದಕ್ಕೊಂದು ಹೊಂದುತ್ತಿರಲಿಲ್ಲ: ಬಿದ್ದು ಆದ ಗಾಯವಿರಬಹುದು, ತಾನೇ ಮಾಡಿಕೊಂಡಿರಬಹುದು, ಮೂಲವ್ಯಾಧಿಯೂ ಇರಬಹುದು. ನ್ಯಾಯಾಲಯವು ಆ ಪತ್ರವನ್ನೇ, ಹಕ್ಕುಗಳ ರಕ್ಷಣೆ ಕೋರಿ ಸಲ್ಲಿಸುವ ರಿಟ್ ಅರ್ಜಿಯೆಂದು ಪರಿಗಣಿಸಿ, ಜೈಲಿಗೆ ಹೋಗಿ ಸಾಕ್ಷಿಗಳನ್ನು ಮಾತನಾಡಿಸಿ ಬರಲು ತನ್ನ ಕಡೆಯಿಂದಲೇ ವಕೀಲರನ್ನು ನೇಮಿಸಿತು. ಹಿಂಸೆ ನಡೆದದ್ದು ನಿಜವೆಂದು ಕಂಡುಬಂದಿತು. ಕೊಲೆಗಾರನ ಪತ್ರವೆಂದು ಕಸದ ಬುಟ್ಟಿಗೆ ಹಾಕಿದ್ದರೆ ಆ ಸತ್ಯ ಜೈಲಿನ ಗೋಡೆಯೊಳಗೇ ಸತ್ತುಹೋಗುತ್ತಿತ್ತು.

ಆ ವರ್ಷದ ಡಿಸೆಂಬರ್ 20ರಂದು ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರ ಪೀಠ ನೀಡಿದ ತೀರ್ಪಿನಲ್ಲಿ ನನ್ನ ಮನಸ್ಸಿನಲ್ಲಿ ನಿಂತಿರುವುದು ಒಂದು ಸಣ್ಣ ನಿರ್ದೇಶನ. ಪ್ರತಿ ಜೈಲಿನಲ್ಲೂ ದೂರು ಪೆಟ್ಟಿಗೆ ಇರಬೇಕು, ಅದು ಎಲ್ಲ ಕೈದಿಗಳ ಕೈಗೆ ಸಿಗುವಂತಿರಬೇಕು, ಅದರ ಉಸ್ತುವಾರಿ ಜಿಲ್ಲಾ ಮ್ಯಾಜಿಸ್ಟ್ರೇಟ್ ಮತ್ತು ಸೆಷನ್ಸ್ ನ್ಯಾಯಾಧೀಶರದ್ದಾಗಿರಬೇಕು ಎಂದು ಅದು ಹೇಳಿತು. ಪೆಟ್ಟಿಗೆಯ ಹೊಣೆ ಜೈಲಿನ ಆಡಳಿತದ ಕೈಯಲ್ಲಿರಬಾರದೆಂಬ ಆ ಎಚ್ಚರದಲ್ಲೇ ನಾನು ತಮಗೆ ಹೇಳಬೇಕೆಂದಿರುವುದೆಲ್ಲ ಅಡಗಿದೆ. ಜೈಲಿನಲ್ಲಿರುವವನು ಯಾರ ಮೇಲೆ ದೂರು ಹೇಳಬೇಕೋ ಅವರ ಕೈಯಿಂದಲೇ ಊಟ, ನೀರು, ಔಷಧಿ, ಮನೆಯವರ ಸಂದರ್ಶನ ಎಲ್ಲವನ್ನೂ ಪಡೆಯಬೇಕು, ಮತ್ತು ಆ ದೂರಿನ ಕಾಗದವೂ ಅವರ ಕೈ ದಾಟಿಯೇ ಹೊರಗೆ ಬರಬೇಕು.

ನನ್ನ ಮೇಜಿನ ಖಾನೆಯಲ್ಲಿ ಒಂದು ಇನ್‌ಲ್ಯಾಂಡ್ ಪತ್ರವಿದೆ. ಕೆಲವು ವರ್ಷಗಳ ಹಿಂದೆ ಜೈಲೊಂದರಿಂದ ನಮ್ಮ ಕಚೇರಿಗೆ ಬಂದದ್ದು. ಮೇಲ್ಭಾಗದಲ್ಲಿ ನೇರಳೆ ಬಣ್ಣದ ಮೊಹರು, ‘ಪರಿಶೀಲಿಸಲಾಗಿದೆ’ ಎಂದು. ಒಳಗೆ ದುಂಡಗಿನ ಅಕ್ಷರಗಳಲ್ಲಿ ಹತ್ತು ಸಾಲು: ನಮ್ಮ ಪತ್ರಿಕೆಯನ್ನು ಜೈಲಿನ ಗ್ರಂಥಾಲಯದಲ್ಲಿ ಓದುತ್ತೇನೆ, ಇಲ್ಲಿ ಎಲ್ಲವೂ ಚೆನ್ನಾಗಿದೆ, ಸಾಹೇಬರು ದೇವರಂಥವರು. ಅದು ಬಂದ ಎರಡು ವಾರಕ್ಕೆ ಅದನ್ನು ಬರೆದವನ ಅಕ್ಕ ಹುಡುಕಿಕೊಂಡು ನಮ್ಮ ಕಚೇರಿಗೆ ಬಂದರು. ಸಂದರ್ಶನದ ಹೊತ್ತಿನಲ್ಲಿ ತಮ್ಮನ ಎಡಗೈ ಬೆರಳುಗಳು ಊದಿಕೊಂಡಿದ್ದನ್ನು ಜಾಲರಿಯ ಆಚೆಯಿಂದ ಕಂಡು, ಏನಾಯಿತೋ ಎಂದು ಕೇಳಿದರೆ, ಅವನು ಹಿಂದೆ ನಿಂತಿದ್ದ ವಾರ್ಡರ್ ಕಡೆ ಒಮ್ಮೆ ನೋಡಿ “ನಲ್ಲಿ ಹತ್ರ ಜಾರಿಬಿದ್ದೆ ಅಕ್ಕಾ” ಎಂದನಂತೆ. ಅವನು ನಿಜವಾಗಿ ಜಾರಿಬಿದ್ದನೋ ಇಲ್ಲವೋ ಎಂಬುದು ಇಂದಿಗೂ ನಮಗೆ ತಿಳಿದಿಲ್ಲ, ಹಾಗಾಗಿ ಅದನ್ನು ಆಗ ಪ್ರಕಟಿಸಲೂ ಇಲ್ಲ. ಜಾರಿಬಿದ್ದದ್ದೇ ನಿಜವಾಗಿದ್ದರೂ ಆ ಮೊಹರಿನ ಕೆಳಗೆ ಅದನ್ನು ನಂಬುವುದು ಹೇಗೆ? ಇದು ಕೈದಿಗೆ ಎಷ್ಟು ಅನ್ಯಾಯವೋ ಪ್ರಾಮಾಣಿಕ ಅಧಿಕಾರಿಗೂ ಅಷ್ಟೇ ಅನ್ಯಾಯ. ಹೊರಗಿನ ಸಾಕ್ಷಿಯಿಲ್ಲದ ಕಡೆ ನಿರಪರಾಧಿಯಾದ ಅಧಿಕಾರಿಯೂ ತಾನು ನಿರಪರಾಧಿಯೆಂದು ತೋರಿಸಿಕೊಳ್ಳಲಾರ.

ಈಗ ರಾಜಾತಿಥ್ಯದ ಮಾತು. ತಮ್ಮ ಸಿಟ್ಟಿನಲ್ಲಿ ನಾನೂ ಪಾಲುದಾರ. 2024ರ ಆಗಸ್ಟ್‌ನಲ್ಲಿ, ಕೊಲೆ ಪ್ರಕರಣದ ಆರೋಪಿಯಾಗಿದ್ದ ಖ್ಯಾತ ನಟರೊಬ್ಬರು ಪರಪ್ಪನ ಅಗ್ರಹಾರದ ಹುಲ್ಲುಹಾಸಿನ ಮೇಲೆ ಕುರ್ಚಿ ಹಾಕಿಕೊಂಡು, ಒಂದು ಕೈಯಲ್ಲಿ ಮಗ್ಗು, ಇನ್ನೊಂದು ಕೈಯಲ್ಲಿ ಸಿಗರೇಟು ಹಿಡಿದು ಕುಳಿತ ಚಿತ್ರವನ್ನು ಇಡೀ ರಾಜ್ಯ ನೋಡಿತು. ಸಿಬ್ಬಂದಿ ಅಮಾನತುಗೊಂಡರು, ಆರೋಪಿಯನ್ನು ಬಳ್ಳಾರಿ ಜೈಲಿಗೆ ಸಾಗಿಸಲಾಯಿತು. ಮುಂದೆ ಜಾಮೀನು ಸಿಕ್ಕಿ, 2025ರ ಆಗಸ್ಟ್ 14ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದುಪಡಿಸಿದಾಗ, ಆರೋಪಿಗಳಿಗೆ ವಿಶೇಷ ಸವಲತ್ತು ಕೊಟ್ಟದ್ದು ಕಂಡುಬಂದರೆ ಮೊದಲು ಜೈಲಿನ ಅಧೀಕ್ಷಕರನ್ನೇ ಅಮಾನತುಗೊಳಿಸಬೇಕಾಗುತ್ತದೆ ಎಂದು ಎಚ್ಚರಿಸಿತು. ಅದಾದ ಕೆಲವೇ ವಾರಗಳಲ್ಲಿ ಅದೇ ಆರೋಪಿ ಹಾಸಿಗೆ, ದಿಂಬಿಗಾಗಿ ನ್ಯಾಯಾಲಯಕ್ಕೆ ಅರ್ಜಿ ಹಾಕಿದರು, ಮತ್ತು ನಿಯಮದಲ್ಲಿ ಏನಿದೆಯೋ ಅದನ್ನು ಕೊಡಿ ಎಂದು ನ್ಯಾಯಾಲಯ ಹೇಳಬೇಕಾಯಿತು. ಈ ಎರಡು ಘಟನೆಗಳನ್ನು ಅಕ್ಕಪಕ್ಕ ಇಟ್ಟು ನೋಡಿ ಎಂದು ತಮ್ಮನ್ನು ಕೇಳಿಕೊಳ್ಳುತ್ತೇನೆ. ಕುರ್ಚಿಯೂ ನಿಯಮದಿಂದ ಬಂದದ್ದಲ್ಲ, ದಿಂಬಿಗೆ ಕೋರ್ಟಿನ ಮೆಟ್ಟಿಲು ಹತ್ತಬೇಕಾದದ್ದೂ ನಿಯಮದಿಂದಲ್ಲ. ಕೈದಿಗೆ ಏನು ಸಿಗಬೇಕೆಂಬುದನ್ನು ಜೈಲಿನ ನಿಯಮಗಳ ಕೈಪಿಡಿ ತೀರ್ಮಾನಿಸದೆ ಒಳಗಿನವರ ಮರ್ಜಿ ತೀರ್ಮಾನಿಸಿದಾಗ ದುಡ್ಡಿದ್ದವನಿಗೆ ಹುಲ್ಲುಹಾಸು ಸಿಗುತ್ತದೆ, ದುಡ್ಡಿಲ್ಲದವನಿಗೆ ಲಾಠಿ ಸಿಗುತ್ತದೆ. ತಾವು ನೋಡಿದ್ದು ಮತ್ತು ನಾವು ಬರೆದದ್ದು ಒಂದೇ ಕಾಯಿಲೆಯ ಎರಡು ಲಕ್ಷಣಗಳು.

ಇವೆರಡೂ ಒಂದೇ ಅಂಗಳದಲ್ಲಿ ಎದುರುಬದುರಾದದ್ದನ್ನು ನಾವು 2017ರ ಜುಲೈನಲ್ಲಿ ಕಂಡಿದ್ದೇವೆ. ಅಂದು ಕಾರಾಗೃಹ ಇಲಾಖೆಯ ಡಿಐಜಿಯಾಗಿದ್ದ ಡಿ. ರೂಪಾ ಅವರು, ಶಿಕ್ಷೆ ಅನುಭವಿಸುತ್ತಿದ್ದ ತಮಿಳುನಾಡಿನ ರಾಜಕಾರಣಿ ವಿ.ಕೆ. ಶಶಿಕಲಾ ಅವರಿಗೆ ಪರಪ್ಪನ ಅಗ್ರಹಾರದಲ್ಲಿ ವಿಶೇಷ ಅಡುಗೆಮನೆ ಸೇರಿದಂತೆ ಸವಲತ್ತುಗಳಿವೆ, ಇದಕ್ಕಾಗಿ 2 ಕೋಟಿ ರೂಪಾಯಿ ಲಂಚದ ಮಾತು ಕೇಳಿಬರುತ್ತಿದೆ ಎಂದು ವರದಿ ಕೊಟ್ಟರು. ಇಲಾಖೆಯ ಮುಖ್ಯಸ್ಥರು ಅದನ್ನು ಅಲ್ಲಗಳೆದರು. ಸರ್ಕಾರ ಇಬ್ಬರನ್ನೂ ವರ್ಗಾಯಿಸಿ, ನಿವೃತ್ತ ಐಎಎಸ್ ಅಧಿಕಾರಿ ವಿನಯ್ ಕುಮಾರ್ ಅವರಿಗೆ ತನಿಖೆ ಒಪ್ಪಿಸಿತು. ವಿಶೇಷ ಸವಲತ್ತು ನೀಡಿದ್ದು ನಿಜವೆಂದು ಆ ತನಿಖೆಯೂ ಹೇಳಿತು. ಇಷ್ಟು ಎಲ್ಲರಿಗೂ ನೆನಪಿದೆ. ಆ ದಿನಗಳಲ್ಲೇ ಬಂದ ಇನ್ನೊಂದು ಆರೋಪ ಮರೆತುಹೋಗಿದೆ: ಡಿಐಜಿಯ ಮುಂದೆ ಬಾಯಿಬಿಟ್ಟ ಕೈದಿಗಳನ್ನು ಹೊಡೆದು, ಅವರಲ್ಲಿ ಹಲವರನ್ನು ರಾತ್ರೋರಾತ್ರಿ ದೂರದ ಜೈಲುಗಳಿಗೆ ಸಾಗಿಸಲಾಯಿತು ಎಂಬುದು. ರಾಜಾತಿಥ್ಯದ ವಿರುದ್ಧ ತಾವು ಕೇಳಬಯಸುವ ಸಾಕ್ಷಿ ಇದ್ದದ್ದು ಆ ಕೈದಿಗಳ ಬಳಿಯೇ ಅಲ್ಲವೇ? ಅವರು ನಿರ್ಭಯವಾಗಿ ಮಾತನಾಡಲಾರದ ಜೈಲಿನಲ್ಲಿ ಹಣವಂತನ ಕೋಣೆಯ ಗುಟ್ಟು ಹೊರಬರುವುದು ಯಾರೋ ಕದ್ದು ತೆಗೆದ ಫೋಟೋದಿಂದ ಮಾತ್ರ.

ಮುಂಬೈಯ ಭೈಖಳಾ ಮಹಿಳಾ ಜೈಲಿನ ಘಟನೆಯೂ ಅದೇ ವರ್ಷದ್ದು, ಜೂನ್ ತಿಂಗಳಿನದು. ಬೆಳಗಿನ ರೇಷನ್ನಿನಲ್ಲಿ ಎರಡು ಮೊಟ್ಟೆ, ಐದು ಪಾವ್ ಲೆಕ್ಕಕ್ಕೆ ಸಿಗದ ವಿಷಯದಿಂದ ಶುರುವಾದ ಜಗಳದಲ್ಲಿ ಸಜಾ ಕೈದಿ ಮಹಿಳೆಯೊಬ್ಬರನ್ನು ಸಿಬ್ಬಂದಿ ಹೊಡೆದರು, ಆಕೆ ತೀರಿಕೊಂಡರು ಎಂಬುದು ಪ್ರಕರಣ. ಆರು ಮಂದಿ ಮಹಿಳಾ ಸಿಬ್ಬಂದಿಯ ಬಂಧನವಾಯಿತು, ಕೊಲೆ ಆರೋಪ ದಾಖಲಾಯಿತು. ಅದಕ್ಕೆ ಆಧಾರವಾದದ್ದು ಜೊತೆಗಿದ್ದ ಕೈದಿಗಳ ಹೇಳಿಕೆ. ಸಾವಿನ ಸುದ್ದಿ ಕೇಳಿ ಛಾವಣಿ ಹತ್ತಿ ಪ್ರತಿಭಟಿಸಿದ ಅದೇ ಕೈದಿಗಳ ಮೇಲೆ ಗಲಭೆಯ ಮೊಕದ್ದಮೆಯೂ ಬಿದ್ದಿತು.

“ತಪ್ಪು ಮಾಡಿದವರು ತಾನೇ ಜೈಲಿಗೆ ಹೋಗುವುದು” ಎಂದಿದ್ದೀರಿ. ರಾಷ್ಟ್ರೀಯ ಅಪರಾಧ ದಾಖಲೆ ವಿಭಾಗದ ಲೆಕ್ಕದಂತೆ 2022ರ ಕೊನೆಗೆ ದೇಶದ ಜೈಲುಗಳಲ್ಲಿ 5,73,220 ಮಂದಿಯಿದ್ದರು. ಅವರಲ್ಲಿ 4,34,302 ಮಂದಿ, ಅಂದರೆ ನಾಲ್ವರಲ್ಲಿ ಮೂವರಿಗಿಂತ ಹೆಚ್ಚು, ವಿಚಾರಣಾಧೀನರು. ಅವರು ತಪ್ಪಿತಸ್ಥರೆಂದು ಯಾವ ನ್ಯಾಯಾಲಯವೂ ಆ ಹೊತ್ತಿಗೆ ಹೇಳಿರಲಿಲ್ಲ. ತಮ್ಮ ವಯಸ್ಸಿನವರಿಗೆ ಸ್ನೇಹಲತಾ ರೆಡ್ಡಿಯವರ ನೆನಪಿರಲೇಬೇಕು. ತುರ್ತು ಪರಿಸ್ಥಿತಿಯಲ್ಲಿ, ಇಂದು ಫ್ರೀಡಂ ಪಾರ್ಕ್ ಆಗಿರುವ ಬೆಂಗಳೂರಿನ ಹಳೆಯ ಸೆಂಟ್ರಲ್ ಜೈಲಿನಲ್ಲಿ, ಉಬ್ಬಸದ ರೋಗಿಯಾಗಿದ್ದ ಆ ನಟಿಯನ್ನು ಎಂಟು ತಿಂಗಳು ಇಡಲಾಯಿತು. ಆರೋಗ್ಯ ತೀರಾ ಕೆಟ್ಟ ಮೇಲೆ ಪೆರೋಲ್ ಮೇಲೆ ಬಿಟ್ಟರು, ಬಿಟ್ಟ ಐದನೇ ದಿನ, 1977ರ ಜನವರಿ 20ರಂದು, ಅವರು ತೀರಿಕೊಂಡರು. ಅವರ ಮೇಲೆ ಯಾವ ಅಪರಾಧವೂ ಸಾಬೀತಾಗಿರಲಿಲ್ಲ. ಫ್ರೀಡಂ ಪಾರ್ಕಿಗೆ ಧರಣಿ, ಸಭೆಗಳ ವರದಿಗೆಂದು ಹೋದಾಗಲೆಲ್ಲ ನನ್ನ ಕಣ್ಣು ಉಳಿದಿರುವ ಹಳೆಯ ಬ್ಯಾರಕ್ಕುಗಳ ಕಡೆ ತಿರುಗುತ್ತದೆ. ಉಸಿರು ಸಿಕ್ಕದ ಹೆಂಗಸೊಬ್ಬಳು ರಾತ್ರಿ ಹೊತ್ತು ಯಾರನ್ನು ಕೂಗಿ ಕರೆದಿರಬೇಕು?

ಹಾಗೆಂದು ಅಪರಾಧ ಸಾಬೀತಾದವನನ್ನು ಹೊಡೆಯಬಹುದೆಂದು ಅರ್ಥವಲ್ಲ. ನ್ಯಾಯಾಲಯ ವಿಧಿಸುವುದು ಸ್ವಾತಂತ್ರ್ಯವನ್ನು ಕಸಿಯುವ ಶಿಕ್ಷೆ. ಅದರ ಮೇಲೆ ಹೊಡೆತ, ಹಸಿವು, ಅವಮಾನಗಳನ್ನು ಸೇರಿಸುವ ಅಧಿಕಾರವನ್ನು ಅದು ಯಾವ ವಾರ್ಡರ್‌ಗೂ ಒಪ್ಪಿಸಿಲ್ಲ. ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯವನ್ನು ಕಾಯುವ ಸಂವಿಧಾನದ 21ನೇ ವಿಧಿ ಜೈಲಿನ ಗೇಟಿನಲ್ಲಿ ನಿಂತುಹೋಗುವುದಿಲ್ಲ ಎಂಬುದು 1978ರಿಂದ, ಅದೇ ಬಾತ್ರಾನ ಮೊದಲ ಪ್ರಕರಣದಿಂದ, ನೆಲೆನಿಂತ ಕಾನೂನು.

ಸಿಬ್ಬಂದಿಯ ಕಷ್ಟವನ್ನು ನಾವು ಬರೆಯಲಿಲ್ಲವೆಂದು ಪತ್ರದಲ್ಲಿ ಬೇರೆಡೆ ತಾವು ಹೇಳಿರುವ ದೂರು ನ್ಯಾಯವಾದದ್ದು. ಜೈಲುಗಳಲ್ಲಿ ಹುದ್ದೆಗಳು ಖಾಲಿ ಬಿದ್ದಿವೆ, ಇರುವವರ ಮೇಲೆ ಪಾಳಿಯ ಮೇಲೆ ಪಾಳಿ ಬೀಳುತ್ತದೆ. ನನಗೆ ಪರಿಚಯದ ನಿವೃತ್ತ ವಾರ್ಡರ್ ಒಬ್ಬರು, ಬೀಗದ ಗೊಂಚಲು ಸೊಂಟದಲ್ಲಿ ಉಜ್ಜಿ ಉಜ್ಜಿ ಆದ ಕಪ್ಪು ಕಲೆಯನ್ನು ತೋರಿಸಿ, ತಮ್ಮ ಮಗಳ ನಾಮಕರಣಕ್ಕೂ ರಜೆ ಸಿಗಲಿಲ್ಲವೆಂದು ಹೇಳಿಕೊಂಡಿದ್ದರು. ನೂರಾರು ಜನರ ಬ್ಯಾರಕ್ಕನ್ನು ಒಬ್ಬನೇ ಕಾಯುವಾಗ ಹೆದರಿಕೆಯಾಗುತ್ತದೆ, ಹೆದರಿದವನ ಕೈ ಲಾಠಿಗೆ ಬೇಗ ಹೋಗುತ್ತದೆ ಎಂದೂ ಅವರೇ ಹೇಳಿದರು. ಇದನ್ನು ಕ್ಷಮೆಗಾಗಿ ಹೇಳುತ್ತಿಲ್ಲ. ಹೊಡೆದದ್ದು ಸಾಬೀತಾದರೆ ಹೊಡೆದವನು ಉತ್ತರ ಕೊಡಬೇಕು, ಒಬ್ಬನನ್ನೇ ಅಲ್ಲಿ ನಿಲ್ಲಿಸಿದ ಇಲಾಖೆಯೂ ಉತ್ತರ ಕೊಡಬೇಕು.

ನಮ್ಮ ಲೇಖನದ ಪ್ರಕರಣದಲ್ಲಿ ನಾವು ಜೈಲಿನ ಅಧೀಕ್ಷಕರಿಗೆ ಲಿಖಿತವಾಗಿ ಕೇಳಿರುವುದು ಇಷ್ಟು: ಆ ದಿನದ ಸಿಸಿಟಿವಿ ದೃಶ್ಯಗಳನ್ನು ಅಳಿಸಿಹೋಗದಂತೆ ಕಾದಿರಿಸಲಾಗಿದೆಯೇ, ಕೈದಿಯನ್ನು ಜೈಲಿನ ವೈದ್ಯರಲ್ಲದೆ ಹೊರಗಿನ ಸರ್ಕಾರಿ ಆಸ್ಪತ್ರೆಯ ವೈದ್ಯರು ಪರೀಕ್ಷಿಸಿದ್ದಾರೆಯೇ, ಜೈಲನ್ನು ಪರಿಶೀಲಿಸಲು ಹೊರಗಿನಿಂದ ಬರುವ ಸಂದರ್ಶಕರ ಮಂಡಳಿ ಕೊನೆಯ ಬಾರಿ ಬಂದದ್ದು ಎಂದು, ಮತ್ತು ದೂರು ಪೆಟ್ಟಿಗೆಯ ಕೀಲಿ ಯಾರ ಬಳಿ ಇದೆ. ಉತ್ತರ ಇನ್ನೂ ಬಂದಿಲ್ಲ. ಬಂದ ದಿನ, ಅದು ನಮ್ಮ ಲೇಖನವನ್ನು ಪೂರ್ತಿಯಾಗಿ ಅಲ್ಲಗಳೆಯುವಂತಿದ್ದರೂ, ಲೇಖನಕ್ಕೆ ಕೊಟ್ಟಷ್ಟೇ ಜಾಗ ಕೊಟ್ಟು ಒಂದಕ್ಷರವನ್ನೂ ಕತ್ತರಿಸದೆ ಪ್ರಕಟಿಸುತ್ತೇವೆ.

ಇನ್ನು ತಮ್ಮ ತಂಗಿಯವರ ವಿಷಯ. ನಾವು ಕೊಲೆಯಾದವರ ಮನೆಯವರ ಬಗ್ಗೆ ಬರೆದದ್ದು ಕಡಿಮೆಯೇ, ಅದನ್ನು ತಾವು ಸರಿಯಾಗಿ ಗುರುತಿಸಿದ್ದೀರಿ. ಪತ್ರದ ಇನ್ನೊಂದು ಕಡೆ, ನಾಲ್ಕು ವರ್ಷಗಳಲ್ಲಿ ಅವರಿಗೆ ಯಾವ ಪರಿಹಾರವೂ ಸಿಕ್ಕಿಲ್ಲ, ಕೋರ್ಟಿನ ತಾರೀಖು ಕೂಡ ಯಾರೂ ತಿಳಿಸುವುದಿಲ್ಲ ಎಂದು ಬರೆದಿದ್ದೀರಿ. ರಾಜ್ಯದಲ್ಲಿ 2011ರಿಂದ ಸಂತ್ರಸ್ತರ ಪರಿಹಾರ ಯೋಜನೆ ಇದೆ, ಅದಕ್ಕೆ ಅರ್ಜಿ ಕೊಡಬೇಕಾದದ್ದು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ. ಆರೋಪಿಯ ಜಾಮೀನು ಅರ್ಜಿಯ ವಿಚಾರಣೆಯಲ್ಲಿ ತಮ್ಮ ಮಾತನ್ನೂ ಕೇಳಬೇಕೆಂದು ನ್ಯಾಯಾಲಯವನ್ನು ಕೋರುವ ಹಕ್ಕು ಸಂತ್ರಸ್ತರ ಕುಟುಂಬಕ್ಕಿದೆಯೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಸ್ಪಷ್ಟವಾಗಿ ಹೇಳಿದೆ. ಮಹಿಳೆಯರಿಗೆ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ, ಅದಕ್ಕೆ ಆದಾಯದ ಮಿತಿಯಿಲ್ಲ. ತಮ್ಮ ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಅದರ ಕಚೇರಿಯಿದೆ, 15100ಕ್ಕೆ ಕರೆ ಮಾಡಿಯೂ ವಿಚಾರಿಸಬಹುದು. ಹೋಗುವಾಗ ಎಫ್‌ಐಆರ್ ಪ್ರತಿ, ಮರಣ ಪ್ರಮಾಣಪತ್ರ, ತಂಗಿಯವರ ಬ್ಯಾಂಕ್ ಪಾಸ್‌ಬುಕ್ಕಿನ ನಕಲು ಜೊತೆಗಿರಲಿ. ಕೈದಿಗಳ ಮನೆಯವರೂ ವಕೀಲರನ್ನು ಕೇಳಿಕೊಂಡು ಬರುವುದು ಅದೇ ಕಚೇರಿಗೆ, ಅಂಥವರು ಪಕ್ಕದ ಬೆಂಚಿನಲ್ಲೇ ಕುಳಿತಿರಬಹುದು. ತಂಗಿಯವರಿಗೆ ಅದನ್ನು ಮೊದಲೇ ತಿಳಿಸಿ ಕರೆದುಕೊಂಡು ಹೋಗುವುದು ಒಳ್ಳೆಯದು. ಅರ್ಜಿ ಕೊಟ್ಟ ಮೇಲೆ ಸ್ವೀಕೃತಿಯ ಸಂಖ್ಯೆಯನ್ನು ನಮಗೂ ಬರೆದು ತಿಳಿಸಿ, ಅದು ಎಲ್ಲಿಗೆ ಬಂತೆಂದು ನಮ್ಮ ಜಿಲ್ಲಾ ವರದಿಗಾರರು ತಿಂಗಳಿಗೊಮ್ಮೆ ಕಚೇರಿಗೆ ಹೋಗಿ ವಿಚಾರಿಸುತ್ತಾರೆ.

ಇಂತಿ,
ಸಂಪಾದಕ